ಬುಟ್ಟಿಗೊಂದು ಕೈ

ನನ್ನ ಎಡಗಾಲಿಗೆ ಸೊಂಟದ ಹತ್ತಿರ ಈಗ ಕೀಲು ಇಲ್ಲ. ಇದನ್ನು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಸೊಂಟ ನೋಡುತ್ತಾರೆ, ಆಮೇಲೆ "ಪಾಪ" ಅನ್ನುತ್ತಾರೆ. ಈ ಪಾಪ ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ. ಹೊಸ ಕೀಲು ಯಾವಾಗ ಹಾಕುತ್ತಾರೆ ಎಂದು ಮತ್ತೆ ಕೇಳುತ್ತಾರೆ. ಹಾಕುವುದಿಲ್ಲ, ಹಾಕಿದ್ದನ್ನೇ ತೆಗೆದದ್ದು ಅಂದರೆ ನಂಬುವುದಿಲ್ಲ. ಕೀಲಿಲ್ಲದ ಕಾಲು ಹೇಗೆ ನಿಲ್ಲುತ್ತದೆ ಎಂದು ಒಬ್ಬಳು ನನ್ನ ಹತ್ತಿರವೇ ವಾದಕ್ಕೆ ಬಂದಿದ್ದಳು. ನಿಲ್ಲುವುದಿಲ್ಲ ಮಾರಾಯ್ತಿ, ನಿಲ್ಲಿಸಬೇಕು ಎಂದು ಹೇಳಿ ಕಳಿಸಿದೆ.

ನಾನು ತಿಮ್ಮಿ. ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಮದುವೆಯಾದ ವರ್ಷದಿಂದ ಮೀನು ಮಾರಿದವಳು. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದೂ ಅದೇ ಮೀನಿನಿಂದ. ಈಗ ಮಗ ದಿನೇಶ ಬೋಟಿಗೆ ಹೋಗುತ್ತಾನೆ, ಸೊಸೆ ದೀಪಿಕಾ ಮನೆ ನೋಡಿಕೊಳ್ಳುತ್ತಾಳೆ. ಇನ್ನು ನೀನು ಕೂತು ಉಣ್ಣು ಎಂದು ಕೇರಿಯವರೆಲ್ಲ ಹೇಳುತ್ತಾರೆ. ಕೂತು ಉಣ್ಣುವುದು ಎಂಥ ಬೇಸರದ ಕೆಲಸ ಎಂದು ಅವರಿಗೆ ಗೊತ್ತಿಲ್ಲ.

ಬಿದ್ದದ್ದು ಬಂದರಿನ ಧಕ್ಕೆಯಲ್ಲಿ. ಬೋಟು ಬಂದು ನಿಂತಿತ್ತು, ಹರಾಜು ಕೂಗುತ್ತಿದ್ದರು, ನಾನು ಬುಟ್ಟಿ ಹೊತ್ತು ಅವಸರದಲ್ಲಿ ಹೋಗುತ್ತಿದ್ದೆ. ಮೀನಿನ ಲೋಳೆಯ ಮೇಲೆ ಕಾಲು ಜಾರಿತು. ಮಂಗಳೂರಿಗೆ ಕರೆದುಕೊಂಡು ಹೋದರು. ನಮ್ಮ ಕಡೆಯವರಿಗೆ ಮೂಳೆ ಮುರಿದರೆ ಅರ್ಧ ಜೀವ ಅಂಬ್ಯುಲೆನ್ಸಿನಲ್ಲೇ ಹೋಗುತ್ತದೆ. ತೊಡೆಯ ಬುಡದ ಗುಂಡು ಪುಡಿಯಾಗಿದೆ ಎಂದು ಹೇಳಿ ಸ್ಟೀಲಿನದು ಹಾಕಿದರು. ನೆಲದ ಮೇಲೆ ಕೂರಬಾರದು, ಕುಕ್ಕುರುಗಾಲು ಕೂಡದು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದರು. ಮನೆಗೆ ಪ್ಲಾಸ್ಟಿಕ್ ಕುರ್ಚಿ ಬಂತು. ಸ್ನಾನಕ್ಕೂ ಕುರ್ಚಿ, ಊಟಕ್ಕೂ ಕುರ್ಚಿ, ಜಗುಲಿಗೂ ಕುರ್ಚಿ. ನಮ್ಮ ಮಾರ್ಕೆಟ್ಟಿನಲ್ಲಿ ಮೀನಿಗೆ ಗೇಣೆತ್ತರದ ಸಿಮೆಂಟಿನ ಕಟ್ಟೆ. ಅದರ ಮೇಲೆ ಕೂತು, ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಮೀನು ಕೊಯ್ಯಬೇಕು. ಕುರ್ಚಿಯಿಂದ ಆಗುವ ಕೆಲಸವಲ್ಲ. ಹಾಗಾಗಿ ಮಾರ್ಕೆಟ್ಟು ತಪ್ಪಿತು.

ಕುರ್ಚಿಗೆ ಒಗ್ಗಿಕೊಂಡೆ ಅನ್ನುವಾಗ ಜ್ವರ ಶುರುವಾಯಿತು. ಒಣಗಿದ ಗಾಯ ಮತ್ತೆ ಬಾಯಿ ಬಿಟ್ಟು ಸೋರತೊಡಗಿತು. ಜೀವಮಾನವೆಲ್ಲ ಮೀನಿನ ನಡುವೆ ಕೂತವಳಿಗೆ ನನ್ನದೇ ಮೈಯ ವಾಸನೆ ತಡೆಯಲಾಗಲಿಲ್ಲ. ಎರಡು ಸಲ ಕೊಯ್ದು ತೊಳೆದರು. ಮತ್ತೂ ಕೀವು ನಿಲ್ಲಲಿಲ್ಲ. ಕೊನೆಗೆ ಡಾಕ್ಟರು ಮಂಚದ ಹತ್ತಿರ ಸ್ಟೂಲು ಎಳೆದು ಕೂತರು. ಡಾಕ್ಟರು ಕೂತು ಮಾತಾಡುತ್ತಾರೆ ಅಂದರೆ ವಿಷಯ ಒಳ್ಳೆಯದಲ್ಲ.

"ಒಳಗೆ ಹಾಕಿದ್ದನ್ನು ಪೂರ್ತಿ ತೆಗೀಬೇಕಮ್ಮ" ಅಂದರು.

"ತೆಗೆದು ಎಂತ ಹಾಕ್ತ್ರಿ?" ಎಂದು ಕೇಳಿದೆ.

"ಏನೂ ಹಾಕೋದಿಲ್ಲ. ಹಾಗೇ ಬಿಡ್ತೇವೆ. ಸುತ್ತಲಿನ ಮಾಂಸವೇ ಗಟ್ಟಿಯಾಗಿ ಹಿಡ್ಕೊಳ್ತದೆ. ಕಾಲು ಗಿಡ್ಡ ಆಗ್ತದೆ, ಕುಂಟುತನ ಇರ್ತದೆ, ಕೋಲು ಬಿಡ್ಲಿಕ್ಕೆ ಆಗೋದಿಲ್ಲ. ಆದ್ರೆ ಕೀವು ನಿಲ್ತದೆ, ನೋವೂ ಕಡಿಮೆಯಾಗ್ತದೆ." ಸಮಾಧಾನಕ್ಕೆಂಬಂತೆ ಇನ್ನೊಂದು ಮಾತು ಸೇರಿಸಿದರು. "ಒಂದು ಒಳ್ಳೇದು. ಇನ್ನು ನೀವು ನೆಲದ ಮೇಲೆ ಕೂರಬಹುದು. ಜಾರಿ ಹೊರಗೆ ಬರ್ಲಿಕ್ಕೆ ಒಳಗೆ ಏನೂ ಇರೋದಿಲ್ಲ."

ನನಗೆ ನಗು ಬಂತು. ದೀಪಿಕಾ ಬಾಗಿಲ ಹತ್ತಿರ ನಿಂತು ಅಳುತ್ತಿದ್ದಳು, ನಾನು ನಗುತ್ತಿದ್ದೆ. ಸೊಸೆಗೆ ಕೇಳಿಸಿದ್ದು ಕೀಲು ಹೋಗುತ್ತದೆ ಎಂಬ ಮಾತು. ನನಗೆ ಕೇಳಿಸಿದ್ದು ನೆಲದ ಮೇಲೆ ಕೂರಬಹುದು ಎಂಬ ಮಾತು.

ಆಮೇಲಿನ ದಿನಗಳನ್ನು ನೆನೆಸಿದರೆ ಈಗಲೂ ದಣಿವಾಗುತ್ತದೆ. ಕಾಲಿಗೆ ತೂಕ ಕಟ್ಟಿ ಮಂಚದ ಆಚೆ ಇಳಿಬಿಟ್ಟಿದ್ದರು. ಮಗ್ಗುಲಾಗುವ ಹಾಗಿಲ್ಲ. ಸೂಜಿ ಚುಚ್ಚಿ ಚುಚ್ಚಿ ಕೈಯಲ್ಲಿ ನರ ಸಿಗದಂತಾಯಿತು. ನೋಡಲು ಬಂದವರು ಬಾಳೆಹಣ್ಣು ತಂದರು, ಪಾಪ ಎಂದರು, ಬಾಳೆಹಣ್ಣು ತಿಂದು ಹೋದರು. ಮನೆಗೆ ಬಂದ ಮೇಲೆ ವಾಕರು. ಎಡಗಾಲಿಗೆ ಭಾರ ಬಿಟ್ಟರೆ ತೊಡೆಯೇ ಒಳಗಿನಿಂದ ಮೇಲಕ್ಕೆ ಏರಿ ಹೋದಂತೆ ಆಗುತ್ತಿತ್ತು. ಮೊದಲ ಸಲ ಹಾಗಾದಾಗ ಹೆದರಿ ಕೂಗಿದ್ದೆ. ಆಮೇಲೆ ಅದೂ ರೂಢಿಯಾಯಿತು.

ಕಾಲು ಗಿಡ್ಡವಾದದ್ದಕ್ಕೆ ಕುಮಟೆಯಲ್ಲಿ ಒಬ್ಬರು ಚಪ್ಪಲಿಗೆ ಅಟ್ಟೆಯ ಮೇಲೆ ಅಟ್ಟೆ ಅಂಟಿಸಿ ಎತ್ತರ ಮಾಡಿಕೊಟ್ಟರು. ಅದನ್ನು ಹಾಕಿಕೊಂಡರೆ ನಡೆಯಬಹುದು, ಇಲ್ಲದಿದ್ದರೆ ಒಂದೊಂದು ಹೆಜ್ಜೆಗೂ ಹೊಂಡಕ್ಕೆ ಕಾಲಿಟ್ಟಂತೆ. ಆದರೆ ಚಪ್ಪಲಿ ಹಾಕಿಕೊಂಡು ದೇವರ ದೀಪ ಇರುವ ಮನೆಯೊಳಗೆ ಹೇಗೆ ಓಡಾಡುವುದು? ಹೊಸಿಲಲ್ಲಿ ಬಿಟ್ಟು ಒಳಗೆ ಬರುತ್ತಿದ್ದೆ, ಬಂದು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದೆ. ದೀಪಿಕಾ ಜಗಳ ಮಾಡಿ ಸೋತು, ಕೊನೆಗೆ ಇನ್ನೊಂದು ಜೊತೆ ಮಾಡಿಸಿ ತಂದು ದೇವರ ಮುಂದಿಟ್ಟಳು. "ಇದು ಅಂಗಳಕ್ಕೇ ಇಳೀಲಿಲ್ಲ ಅತ್ತೆ. ಇದ್ಕೆ ಚಪ್ಪಲಿ ಹೇಳೂದೇ ಬೇಡ, ಔಷಧಿ ಹೇಳ್ವ" ಅಂದಳು. ನನ್ನ ಸೊಸೆಗೆ ಬುದ್ಧಿ ಇದೆ. ಅವಳ ಎದುರಿಗೆ ನಾನು ಹೇಳುವುದಿಲ್ಲ ಅಷ್ಟೆ.

ನೆಲದ ಮೇಲೆ ಕೂರಬಹುದು ಎಂದು ಡಾಕ್ಟರು ಹೇಳಿದ್ದು ಸುಳ್ಳಲ್ಲ. ಕೂರಬಹುದು. ಕೋಲು ಊರಿ, ಬಲ ಮಂಡಿ ಬಗ್ಗಿಸಿ, ಒಂದು ಕೈ ನೆಲಕ್ಕೆ ಕೊಟ್ಟರೆ ಮೈ ತಾನಾಗಿ ಕೆಳಗೆ ಹೋಗುತ್ತದೆ. ಏಳುವುದು ಹೇಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲ ಸಲ ಅಡುಗೆ ಮನೆಯಲ್ಲಿ ಖುಷಿಯಿಂದ ಕೂತವಳನ್ನು ದೀಪಿಕಾ ಕಂಕುಳಿಗೆ ಕೈ ಕೊಟ್ಟು ಎತ್ತಬೇಕಾಯಿತು. ಆ ಹುಡುಗಿ ನನ್ನ ಅರ್ಧ ಇದ್ದಾಳೆ. ಮರುದಿನ ಅವಳು ಸೊಂಟ ಹಿಡಿದುಕೊಂಡು ಓಡಾಡಿದಳು. ಮನೆಗೆ ಒಂದು ಸೊಂಟ ಹೋದದ್ದು ಸಾಲದೇ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು. ಆಮೇಲೆ ಕಿಟಕಿಯ ಸರಳು ಹಿಡಿದು ಏಳಲು ಕಲಿತೆ. ಪಕ್ಕಕ್ಕೆ ಹೊರಳಿ, ಬಲ ಮಂಡಿ ಊರಿ, ಸರಳು ಹಿಡಿದು ಕೈಯ ಬಲದಲ್ಲಿ ಮೈಯನ್ನು ಮೇಲೆಳೆಯುವುದು. ಎದ್ದ ಮೇಲೆ ಉಸಿರು ಹಿಡಿಯುವವರೆಗೂ ಸರಳಿಗೆ ಹಣೆ ಕೊಟ್ಟು ನಿಲ್ಲುತ್ತಿದ್ದೆ. ಬುಟ್ಟಿ ಹೊತ್ತ ಕುತ್ತಿಗೆ, ಮೀನು ಕೊಯ್ದ ಕೈ, ಅಷ್ಟಾದರೂ ಉಳಿದಿತ್ತು.

ಇಷ್ಟೆಲ್ಲ ಮಾಡಿದ್ದು ನನ್ನ ಜಾಗಕ್ಕಾಗಿ. ಮಳೆಗಾಲದ ಬೋಟು ಬಂದ್ ಮುಗಿದು, ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ಬೋಟಿನ ಮೀನು ಬರುವ ಮೊದಲ ದಿನ ಮಾರ್ಕೆಟ್ಟಿನಲ್ಲಿ ಯಾರು ಎಲ್ಲಿ ಕೂರುತ್ತಾರೋ, ಮುಂದಿನ ಮಳೆಗಾಲದವರೆಗೆ ಅದು ಅವರ ಜಾಗ. ಹುಷಾರಿಲ್ಲದವರ ಜಾಗದಲ್ಲಿ ಬುಟ್ಟಿ ಕವುಚಿ ಇಡುತ್ತಾರೆ, ಯಾರೂ ಕೂರುವುದಿಲ್ಲ. ಹಾಗೆ ಒಂದು ವರ್ಷ ಇಡುವುದು ರೂಢಿ. ನನಗೆಂದು ಎರಡು ವರ್ಷ ಇಟ್ಟರು. ಮೂರನೆಯ ವರ್ಷಕ್ಕೆ ಕೂರುವುದಾದರೆ ನೀನೇ ಬಂದು ಕೂರು, ಇಲ್ಲದಿದ್ದರೆ ಬಿಡು ಎಂದು ಹೇಳಿ ಕಳಿಸಿದರು. ತಪ್ಪಲ್ಲ ಅವರದು. ಮಾವಿನಕುರ್ವೆಯಿಂದ ಬರುವ ಹೆಂಗಸರು ಜಾಗವಿಲ್ಲದೆ ಹೊರಗೆ ರಸ್ತೆಯಂಚಿಗೆ ಕೂರುವಾಗ ಖಾಲಿ ಬುಟ್ಟಿಗೆ ಎಷ್ಟು ದಿನ ಜಾಗ ಕೊಡುವುದು?

ದಿನೇಶ ಒಪ್ಪಲಿಲ್ಲ. "ಎಂತ ಆಯಿ ನಿಂದು? ಮನೇಲಿ ಉಂಬೂಕೆ ಇಲ್ವಾ?" ಎಂದು ಹಾರಾಡಿದ. ನಾನೂ ಹಾರಾಡಿದೆ. ನಾನು ಮೂರು ದಿನ ಊಟ ಬಿಟ್ಟೆ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಬರಿ ಮಧ್ಯಾಹ್ನದ ಊಟ ಬಿಟ್ಟದ್ದು. ಕೊನೆಗೆ ದಾರಿಗೆ ಬಂದ.

"ಆತು. ಮೊದಲ ದಿನ ಹೋಗು. ನಾನೇ ಬಿಟ್ಟು ಬತ್ತೆ, ಮಧ್ಯಾಹ್ನ ನಾನೇ ಕರೂಕೆ ಬತ್ತೆ. ನಾ ಬರುವಾಗ ನೀ ನಿಂತಿರಬೇಕು. ನಾ ಬಂದು ಎಬ್ಬಿಸೂದಾದ್ರೆ ಅಲ್ಲಿಗೇ ಮುಗೀತು. ಜಾಗ ಬೇರೆಯವ್ರಿಗೆ ಬಿಟ್ಟುಬಿಡೂದು."

"ಆತು" ಅಂದೆ. ನನ್ನ ಜಾಗದ ಪಕ್ಕದಲ್ಲಿ ಒಂದು ಕಂಬವಿದೆ. ಅದಕ್ಕೆ ಮಳೆಗಾಲದಲ್ಲಿ ಟಾರ್ಪಾಲು ಕಟ್ಟಲು ಹಾಕಿದ ದಪ್ಪ ಕಬ್ಬಿಣದ ಬಳೆಯಿದೆ. ಸರಳಿನ ಬದಲು ಆ ಬಳೆ. ಮನಸ್ಸಿನಲ್ಲೇ ಅದನ್ನು ಹಿಡಿದು ಎಷ್ಟೋ ಸಲ ಎದ್ದಿದ್ದೆ.

ಇನ್ನು ಕಲ್ಪನಾ ವಿಷಯ ಹೇಳಬೇಕು. ಅವಳದು ನನ್ನ ಪಕ್ಕದ ಜಾಗ. ನನಗಿಂತ ಸಣ್ಣವಳು, ಬಾಯಿ ಮಾತ್ರ ದೊಡ್ಡದು. ಹೋಟೆಲಿಗೆಂದು ನನ್ನ ಹತ್ತಿರ ಮೀನು ಕೊಳ್ಳುತ್ತಿದ್ದ ಗಿರಾಕಿಯೊಬ್ಬರನ್ನು ಒಳ್ಳೆ ಇಸೋಣ ಮೀನು ತೋರಿಸಿ ಎಳೆದುಕೊಂಡಳು ಎಂದು ನಾನು ಬಿದ್ದದ್ದಕ್ಕೂ ಮುಂಚೆಯೇ ನಮ್ಮಿಬ್ಬರಿಗೆ ಮಾತು ಬಿಟ್ಟಿತ್ತು. ಆಸ್ಪತ್ರೆಗೆ ಬಾಳೆಹಣ್ಣು ತರದೆ ಇದ್ದವಳು ಅವಳೊಬ್ಬಳೇ. ಆದರೆ ಮೀನಿನ ಹೆಂಗಸರಲ್ಲಿ ಮಾತು ಬಿಟ್ಟರೂ ಬಿಡದ ಒಂದು ಕೆಲಸವಿದೆ. ತುಂಬಿದ ಬುಟ್ಟಿಯನ್ನು ಯಾರೂ ಒಬ್ಬಳೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ಎತ್ತಿಕೊಡಬೇಕು. "ಒಂಚೂರು ಕೈ ಹಚ್ಚೇ" ಅಂದರೆ ಎಂಥ ಜಗಳವಿದ್ದರೂ ಬಂದು ಕೈ ಹಚ್ಚಲೇಬೇಕು. ಅದು ಮಾತಾಡಿದ ಲೆಕ್ಕವಲ್ಲ. ಉಪಕಾರದ ಲೆಕ್ಕವೂ ಅಲ್ಲ. ಎತ್ತಿಕೊಟ್ಟವಳು ತಿರುಗಿ ನೋಡದೆ ಹೋಗುತ್ತಾಳೆ. ಮಾರ್ಕೆಟ್ಟಿನಲ್ಲಿ ಕೊನೆಗೆ ಉಳಿಯುವವರು ನಾನು ಮತ್ತು ಕಲ್ಪನಾ. ಉಳಿದ ಮೀನಿಗೆ ಐಸ್ ಹಾಕಿಕೊಂಡು ಬೀದಿಯ ಮೇಲೆ ಮಾರಲು ಹೊರಡುವವರು. ಮುಖ ಆಚೆ ತಿರುಗಿಸಿಕೊಂಡೇ ಒಬ್ಬರಿಗೊಬ್ಬರು ಬುಟ್ಟಿ ಎತ್ತಿಕೊಟ್ಟಿದ್ದೇವೆ.

ಮೊದಲ ದಿನ ಬಂತು. ದಿನೇಶ ತನ್ನ ಬೋಟಿನ ಬಂಗುಡೆ, ಶೆಟ್ಲಿ ಸಿಗಡಿಯ ಜೊತೆ ನನ್ನನ್ನೂ ರಿಕ್ಷಾದಲ್ಲಿ ಹಾಕಿಕೊಂಡು ಬಂದ. ಮಾರ್ಕೆಟ್ಟಿನೊಳಗೆ ಹೋಗಿ ನೋಡಿದರೆ ಕಂಬವಿದೆ, ಬಳೆಯಿಲ್ಲ. ಮಳೆಗಾಲದಲ್ಲಿ ರಿಪೇರಿ ಮಾಡಿ ಕಂಬಗಳಿಗೆಲ್ಲ ಬಿಳಿ ಟೈಲ್ಸು ಅಂಟಿಸಿದ್ದರು. ನೋಡಲು ಚಂದ, ಹಿಡಿಯಲು ಏನೂ ಇಲ್ಲ. ಕೈಯಾಡಿಸಿ ನೋಡಿದೆ, ಒದ್ದೆ ಕೈ ಸರ್ರನೆ ಜಾರಿತು. ದಿನೇಶನಿಗೆ ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಅವನು ಅದೇ ರಿಕ್ಷಾದಲ್ಲಿ ವಾಪಸ್ಸು ಕರೆದುಕೊಂಡು ಹೋಗುತ್ತಿದ್ದ, ಸಿಟ್ಟೂ ಮಾಡುತ್ತಿರಲಿಲ್ಲ. ಆ ಸಿಟ್ಟು ಮಾಡದ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

"ಕೂರಿಸಿ ಹೋಗ್ಲಾ?" ಎಂದು ಕೇಳಿದ.

"ನಾ ಕೂತ್ಕಂತೆ. ನೀ ಹೋಗು, ಬೋಟಿನ ಕೆಲ್ಸ ನೋಡು."

ಅವನು ಹೋದ. ನನ್ನ ಜಾಗದ ಅರ್ಧಕ್ಕೆ ಕಲ್ಪನಾಳ ಟಬ್ಬು ಬಂದು ಕೂತಿತ್ತು. ಕವುಚಿಟ್ಟ ನನ್ನ ಹಳೆಯ ಬುಟ್ಟಿಯನ್ನು ಮೂಲೆಗೆ ಒತ್ತರಿಸಿದ್ದಳು. ನಾನು ಕೋಲಿನಿಂದ ಟಬ್ಬಿಗೆ ಟಕ್ಕೆಂದು ಬಡಿದೆ. ಅವಳು ನನ್ನ ಕಡೆ ನೋಡದೆ ಟಬ್ಬನ್ನು ಎಳೆದುಕೊಂಡಳು. ನಾನು ಕೋಲು ಊರಿ, ಮಂಡಿ ಬಗ್ಗಿಸಿ, ಕಟ್ಟೆಗೆ ಕೈ ಕೊಟ್ಟು ಕೂತೆ. ಎರಡು ಮಳೆಗಾಲ ದಾಟಿ ನನ್ನ ಜಾಗದಲ್ಲಿ ಕೂತಿದ್ದೆ. ಆ ಖುಷಿ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ತಲೆಯಲ್ಲಿ ಒಂದೇ ಮಾತು, ಏಳುವುದು ಹೇಗೆ.

ಬೆಳಿಗ್ಗೆಯ ವ್ಯಾಪಾರದಲ್ಲಿ ಅದನ್ನು ಮರೆಯಬಹುದು ಎಂದುಕೊಂಡಿದ್ದೆ. ಗಿರಾಕಿಗಳು ಮರೆಯಲು ಬಿಡಲಿಲ್ಲ. ಬಂದವರೆಲ್ಲ ಮೀನು ನೋಡುವ ಮುಂಚೆ ನನ್ನ ಕಾಲು ನೋಡಿದರು. ದಿನಕರ ಮೇಷ್ಟ್ರು ಬಂದರು. ರಿಟಾಯರ್ ಆದ ಮೇಷ್ಟ್ರು, ನನ್ನ ಹಳೆಯ ಗಿರಾಕಿ. ಈ ಮನುಷ್ಯ ಬಂಗುಡೆಯ ಕಿವಿರು ಎತ್ತಿ ನೋಡಿ, ಮೂಸಿ, ಹೊಟ್ಟೆ ಒತ್ತಿ, ನಾನು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ, ನಾನು ಬೈದು, ಅವರು ಎದ್ದು ಹೋಗಿ, ಮತ್ತೆ ತಿರುಗಿ ಬರುವವರು. ಅವರ ಜೊತೆ ಚೌಕಾಸಿ ಮಾಡದ ದಿನ ನನಗೆ ಮಾರ್ಕೆಟ್ಟಿಗೆ ಹೋದಂತೆಯೇ ಅನ್ನಿಸುತ್ತಿರಲಿಲ್ಲ. ಅಂದು ನಾನು ಬೇಕೆಂದೇ ಬೆಲೆ ಹೆಚ್ಚು ಹೇಳಿದೆ. ಅವರು ಚೀಲದಿಂದ ದುಡ್ಡು ತೆಗೆದು ಕೈಗಿಟ್ಟರು.

"ಮೇಷ್ಟ್ರೇ, ನಾ ಹೆಚ್ಚು ಹೇಳಿದ್ದೆ" ಅಂದೆ.

"ಇರ್ಲಿ ಬಿಡು ತಿಮ್ಮಿ, ಪಾಪ, ನೀನು ಇಷ್ಟು ಕಷ್ಟದಲ್ಲಿ..."

"ಕಮ್ಮಿ ಕೇಳಿ ಮೇಷ್ಟ್ರೇ."

"ಬೇಡ ಬೇಡ."

"ಕಮ್ಮಿ ಕೇಳದಿದ್ರೆ ಮೀನು ಕೊಡೂದಿಲ್ಲ ನೋಡಿ!"

ನನ್ನ ದನಿ ಏರಿತು. ಆಚೀಚೆಯವರು ತಿರುಗಿ ನೋಡಿದರು. ಮೇಷ್ಟ್ರು ಗಲಿಬಿಲಿಗೊಂಡು ಸುಮ್ಮನೆ ಬಾಯಿಗೆ ಬಂದ ಬೆಲೆ ಕೇಳಿದರು. ನಾನು ಕೊಟ್ಟೆ. ಅವರು ಮೀನು ತೆಗೆದುಕೊಂಡು ಅವಸರದಲ್ಲಿ ಹೋದರು. ಅದು ಚೌಕಾಸಿಯೇ? ಅಳು ಬರುವಂತಾಯಿತು. ಪ್ರಭಾತನಗರದಿಂದ ಬರುವ ಶಾಲೆಯ ಅಕ್ಕೋರು, ಬ್ಯಾಂಕಿನವರು, ಯಾರೂ ಬೆಲೆಯ ಮಾತು ಎತ್ತಲಿಲ್ಲ. ಎಲ್ಲರೂ ನನ್ನಿಂದ ಮೀನು ಕೊಂಡರು, ಯಾರೂ ನನ್ನ ಹತ್ತಿರ ವ್ಯಾಪಾರ ಮಾಡಲಿಲ್ಲ. ಟಬ್ಬು ಬೇಗ ಬೇಗ ಖಾಲಿಯಾಗುತ್ತಿತ್ತು, ನನಗೆ ಒಳಗಿಂದೊಳಗೆ ಸುಸ್ತಾಗುತ್ತಿತ್ತು. ಸೊಂಟದ ಖಾಲಿ ಜಾಗ ಮಿಡಿಯತೊಡಗಿತು. ಇದಕ್ಕಾಗಿಯೇ ಇಷ್ಟು ಒದ್ದಾಡಿದೆನೇ ಎಂದು ಅನ್ನಿಸಿತು.

ಆಗ ಪಕ್ಕದಲ್ಲಿ ಕಲ್ಪನಾಳ ಬಾಯಿ ಶುರುವಾಯಿತು. ನಾನು ಶೆಟ್ಲಿ ತೊಳೆದ ನೀರು ಚರಂಡಿಗೆ ಹೋಗುವ ಬದಲು ಅವಳ ಕಡೆ ಹರಿದಿತ್ತು. ಮಾತು ಬಿಟ್ಟವಳಲ್ಲವೇ, ನನಗೆ ಹೇಳುವ ಹಾಗಿಲ್ಲ. ಎದುರಿಗೆ ಕೂತಿದ್ದ ಬೆಕ್ಕಿಗೆ ಹೇಳಿದಳು.

"ಕೆಲವ್ರಿಗೆ ಎರಡು ವರ್ಷ ಮನೇಲಿ ಕೂತ್ರೂ ನೀರು ಎತ್ಲಾಗೆ ಚೆಲ್ಲೂದು ಹೇಳಿ ಗೊತ್ತಾಗ್ಲಿಲ್ಲ ನೋಡು."

ನನ್ನ ಮೈ ಬೆಚ್ಚಗಾಯಿತು. ಬೆಕ್ಕಿನ ಕಡೆಗೇ ತಿರುಗಿ ನಾನೂ ಹೇಳಿದೆ. "ಕೆಲವ್ರಿಗೆ ಎರಡು ವರ್ಷ ಬೇರೆಯವ್ರ ಜಾಗದಲ್ಲಿ ಟಬ್ಬು ಇಟ್ಟು ರೂಢಿಯಾಗಿ ಹೋಯ್ತು. ಈಗ ನೀರು ತಾಗೂದೇ."

"ಜಾಗ ಖಾಲಿ ಬಿದ್ದಿತ್ತು ಇಟ್ಟದ್ದು. ಹೊತ್ಕಂಡು ಹೋಗ್ಲಿಲ್ಲ ಯಾರೂ."

"ಹೊತ್ಕಂಡು ಹೋಗೂಕೆ ಕಟ್ಟೆ ಎಂತ ಹೋಟ್ಲ ಗಿರಾಕಿಯಾ?"

ಯಾರೋ ಕಿಸಕ್ಕನೆ ನಕ್ಕರು. ಕಲ್ಪನಾ ನೀರನ್ನು ಪೊರಕೆಯಿಂದ ನನ್ನ ಕಡೆಗೇ ಗುಡಿಸಿದಳು. ನಾನು ತಿರುಗಿ ಅವಳ ಕಡೆಗೆ ಗುಡಿಸಿದೆ. ಬೆಕ್ಕು ಎದ್ದು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಜೊತೆ ಯಾರೂ ಹೀಗೆ ಜಗಳವಾಡಿರಲಿಲ್ಲ. ದಿನೇಶ ಕೂಡ ಅರ್ಧಕ್ಕೆ ನಿಲ್ಲಿಸಿ ಮುಖ ಸಣ್ಣದು ಮಾಡುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಮಾರ್ಕೆಟ್ಟು ಖಾಲಿಯಾಗುತ್ತ ಬಂತು. ಮೊದಲ ದಿನವಾದ್ದರಿಂದ ಹೆಚ್ಚಿನವರದು ಬೇಗ ಮುಗಿಯಿತು. ಒಬ್ಬೊಬ್ಬರೇ ಕಟ್ಟೆ ತೊಳೆದು, ಕತ್ತಿ ಸುತ್ತಿಕೊಂಡು ಹೊರಟರು. ಕೆಲವರು ಹೋಗುವಾಗ ನಿಂತು, "ಎಬ್ಬಿಸೂದಾ ತಿಮ್ಮಕ್ಕ? ಪಾಪ, ಹೇಗೆ ಏಳ್ತಿ?" ಎಂದು ಕೇಳಿದರು. ಮಗ ಬರುತ್ತಾನೆ ಎಂದು ಹೇಳಿ ಕಳಿಸಿದೆ. ಪಾಪ ಎಂದು ಹೇಳಿದವರ ಕೈ ಹಿಡಿದು ಏಳಲು ನನಗೆ ಮನಸ್ಸಿರಲಿಲ್ಲ. ಸೊಕ್ಕು ಅನ್ನಿ ಬೇಕಾದರೆ. ಕೀಲು ತೆಗೆಯುವಾಗ ಡಾಕ್ಟರು ಅದನ್ನು ತೆಗೆದಿರಲಿಲ್ಲ.

ಎಲ್ಲರೂ ಹೋದ ಮೇಲೆ ಏಳಲು ನೋಡಿದೆ. ಪಕ್ಕಕ್ಕೆ ಹೊರಳಿ, ಬಲ ಮಂಡಿ ಊರಿ, ಕಂಬವನ್ನು ತಬ್ಬಿ ಹಿಡಿದೆ. ಟೈಲ್ಸಿನ ಮೇಲೆ ಕೈ ನಿಲ್ಲಲಿಲ್ಲ. ಸ್ವಲ್ಪ ಮೇಲೆ ಬಂದಂತಾಗಿ, ಎಡಗಾಲಿನ ಬುಡ ಒಳಗೆ ಸರಿದು, ಧೊಪ್ಪನೆ ಕೂತೆ. ಕಣ್ಣಿಗೆ ಕತ್ತಲು ಬಂತು. ಸೀರೆಗೆ ಕೈ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಈ ಸಲ ಕೋಲೂ ಜಾರಿ ದೂರ ಹೋಗಿ ಬಿತ್ತು. ಕಂಬಕ್ಕೆ ಬೆನ್ನು ಕೊಟ್ಟು ಕೂತೆ. ಕಣ್ಣು ಮುಚ್ಚಿಕೊಂಡೆ. ಇನ್ನೇನು ದಿನೇಶ ಬರುತ್ತಾನೆ, ಬಗ್ಗಿ ಎತ್ತುತ್ತಾನೆ, ಏನೂ ಹೇಳುವುದಿಲ್ಲ. ನಾಳೆಯಿಂದ ಜಗುಲಿ, ಕುರ್ಚಿ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಹಾಗೇ ಆಗಿಬಿಡಲಿ ಎಂದೂ ಅನ್ನಿಸಿತು. ಅಷ್ಟು ದಣಿದಿದ್ದೆ.

ಕಣ್ಣು ತೆರೆದು ನೋಡಿದರೆ ಕಲ್ಪನಾ ಇನ್ನೂ ಹೋಗಿಲ್ಲ. ಬುಟ್ಟಿಗೆ ಉಳಿದ ತಾರ್ಲೆ ಮೀನು ತುಂಬಿ, ಐಸ್ ಹಾಕಿ, ಮೇಲೆ ಗೋಣಿ ಮುಚ್ಚಿ, ತಲೆಗೆ ಬಟ್ಟೆಯ ಸಿಂಬಿ ಇಟ್ಟುಕೊಂಡು ನಿಂತಿದ್ದಾಳೆ. ಬಾಗಿಲ ಕಡೆ ನೋಡುತ್ತಾಳೆ, ರಸ್ತೆಯ ಕಡೆ ನೋಡುತ್ತಾಳೆ. ಯಾರೂ ಇಲ್ಲ. ನನ್ನ ಕಡೆ ಮಾತ್ರ ನೋಡುವುದಿಲ್ಲ. ಕೆಳಗೆ ಬಿದ್ದ ನನ್ನನ್ನು ಬುಟ್ಟಿ ಎತ್ತಿಕೊಡು ಎಂದು ಅವಳಾದರೂ ಹೇಗೆ ಕರೆಯುವುದು? ನಾನು ಎರಡು ಸಲ ಬಿದ್ದದ್ದನ್ನು ಅವಳು ನೋಡಿರಲೇಬೇಕು. ನೋಡಿಯೂ ಬಂದು ಎತ್ತಲಿಲ್ಲ. ಕರೆಯದೆ ಬರುವುದು ನಮ್ಮಲ್ಲಿ ಇಲ್ಲ. ಬುಟ್ಟಿಯವಳು ಕರೆಯಬೇಕು, ಆಮೇಲೆ ಕೈ.

ಎಷ್ಟು ವರ್ಷ, ಎಷ್ಟು ಜನರನ್ನು ಹಾಗೆ ಕರೆದಿದ್ದೇನೆ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನು ಕರೆದಿದ್ದೇನೆ, ಸಾಹೇಬರ ಮನೆಯ ಅಮ್ಮಂದಿರನ್ನು ಕರೆದಿದ್ದೇನೆ. ಒಂದು ದಿನವೂ ನಾಚಿಕೆಯಾಗಿರಲಿಲ್ಲ. ಭಾರವಿದ್ದರೆ ಕೈ ಬೇಕು, ಅದರಲ್ಲಿ ನಾಚಿಕೆ ಎಂಥದು.

"ಕಲ್ಪನಾ" ಎಂದು ಕರೆದೆ. "ಒಂಚೂರು ಕೈ ಹಚ್ಚೇ."

ಅವಳು ತಿರುಗಿ ನೋಡಿದಳು. ನನ್ನ ಹತ್ತಿರ ಬುಟ್ಟಿ ಇರಲಿಲ್ಲ. ಸಿಂಬಿಯನ್ನು ತಲೆಯಿಂದ ತೆಗೆದು ಕಟ್ಟೆಯ ಮೇಲಿಟ್ಟು ಬಂದಳು. ಪಾಪ ಎಂದು ಹೇಳಲಿಲ್ಲ. ಬುಟ್ಟಿಗೆ ಕೈ ಹಚ್ಚುವವರು ಹೇಗೆ ಕಾಲು ಅಗಲಿಸಿ ಬಗ್ಗುತ್ತಾರೋ ಹಾಗೇ ಬಗ್ಗಿ, ಒಂದು ಕೈ ನನ್ನ ಕಂಕುಳ ಕೆಳಗೆ, ಒಂದು ಕೈ ಬೆನ್ನಿಗೆ ಕೊಟ್ಟು, "ಹೂಂ" ಅಂದಳು. ಆ ಹೂಂ ನನಗೆ ಗೊತ್ತು. ಹೂಂ ಅಂದಾಗ ಇಬ್ಬರೂ ಒಟ್ಟಿಗೇ ಬಲ ಹಾಕಬೇಕು. ಹಾಕಿದೆ. ಬಲಗಾಲಿನ ಮೇಲೆ ಎದ್ದು ನಿಂತೆ. ಅವಳು ಕೋಲು ತಂದು ಕೈಗೆ ಕೊಟ್ಟು, ಕಂಬದ ಕಡೆ ನೂಕಿ ನಿಲ್ಲಿಸಿ, ತಿರುಗಿ ನೋಡದೆ ತನ್ನ ಬುಟ್ಟಿಯ ಹತ್ತಿರ ಹೋದಳು.

ನಾನು ಉಸಿರು ಹಿಡಿಯುವುದರೊಳಗೆ ಆ ಕಡೆಯಿಂದ ದನಿ ಬಂತು.

"ತಿಮ್ಮಕ್ಕ, ಒಂಚೂರು ಕೈ ಹಚ್ಚೇ."

ಅವಳು ಸಿಂಬಿಯನ್ನು ಮತ್ತೆ ತಲೆಗಿಟ್ಟು, ಬುಟ್ಟಿಯನ್ನು ನನ್ನ ಹತ್ತಿರಕ್ಕೇ ಎಳೆದು ತಂದಿದ್ದಳು. ನಾನು ಕೋಲನ್ನು ಗೋಡೆಗೆ ಒರಗಿಸಿದೆ. ಬೆನ್ನು ಕಂಬಕ್ಕೆ, ಭಾರವೆಲ್ಲ ಬಲಗಾಲಿಗೆ. ಅವಳು ತನ್ನ ಕಡೆಯ ಅಂಚು ಹಿಡಿದಳು, ನಾನು ನನ್ನ ಕಡೆಯ ಅಂಚು ಹಿಡಿದೆ. "ಹೂಂ" ಅಂದದ್ದು ಈ ಸಲ ನಾನು. ಬುಟ್ಟಿ ಮೇಲೆದ್ದು ಅವಳ ತಲೆಯ ಮೇಲೆ ಕೂತಿತು. ಐಸಿನ ನೀರು ನನ್ನ ತೋಳಿನ ಗುಂಟ ಇಳಿದು ಕುಪ್ಪಸದೊಳಗೆ ಹೋಯಿತು. ನಾನು ಬೀಳಲಿಲ್ಲ. ಎರಡು ವರ್ಷ ಎಲ್ಲರೂ ನನ್ನನ್ನು ಎತ್ತಿದ್ದರು. ನಾನು ಇನ್ನೊಬ್ಬರಿಗೆ ಏನನ್ನೋ ಎತ್ತಿಕೊಟ್ಟದ್ದು ಅಂದು. ನನ್ನ ಕಣ್ಣು ಅವಳಿಗೆ ಕಾಣಬಾರದೆಂದು ಮುಖ ಆಚೆ ತಿರುಗಿಸಿದೆ.

ಕಲ್ಪನಾ ಕೈಯಿಂದ ಬುಟ್ಟಿ ಸರಿ ಮಾಡಿಕೊಂಡಳು. "ಎರಡು ವರ್ಷ ಅರ್ಧ ಅರ್ಧ ಮಾಡ್ಕಂಡು ಎರಡೆರಡು ಸಲ ಹೊತ್ತೆ. ಕೊನೆಗೆ ಉಳಿಯುವವ್ರು ಇರ್ಬೇಕಲ್ಲ ಯಾರಾದ್ರೂ" ಎಂದು ಗೋಡೆಗೆ ಹೇಳಿದಳು. ಬಾಗಿಲವರೆಗೆ ಹೋಗಿ ನಿಂತು, "ನಾಳೆ ನೀರು ಈಚೆ ಬಂದ್ರೆ ನೋಡು" ಎಂದು ಅದನ್ನೂ ಗೋಡೆಗೇ ಹೇಳಿ ಹೋದಳು.

ದಿನೇಶ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ ಗೊತ್ತಿಲ್ಲ. ಬುಟ್ಟಿ ಎತ್ತಿಕೊಟ್ಟದ್ದನ್ನು ನೋಡಿದ್ದ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಒಳಗೆ ಬಂದು ಕಂಬಕ್ಕೆ ಕೈಯಾಡಿಸಿ ನೋಡಿದ. ಬಳೆಯಿಲ್ಲದ್ದು ಅವನಿಗೂ ಈಗ ಕಂಡಿತು.

"ಒಬ್ಬಳೇ ಎದ್ಯಾ ಆಯಿ?"

"ಇಲ್ಲ. ಕಲ್ಪನಾ ಕೈ ಹಚ್ಚಿದ್ಲು."

ಅವನು ಟಬ್ಬುಗಳನ್ನು ಒಂದರೊಳಗೊಂದು ಇಟ್ಟ. ಮೆಟ್ಟುಗತ್ತಿಯನ್ನು ಗೋಣಿಯಲ್ಲಿ ಸುತ್ತಿದ.

"ಇವತ್ತು ಹಚ್ಚಿದ್ಲು, ಆತು. ದಿನಾ ಯಾರು ನಿನ್ನ ಎತ್ತೂದು?"

"ದಿನಾ ಅವ್ಳ ಬುಟ್ಟಿ ಯಾರು ಎತ್ತೂದು?" ಎಂದು ಕೇಳಿದೆ.

ಅವನು ಕವುಚಿಟ್ಟ ನನ್ನ ಹಳೆಯ ಬುಟ್ಟಿಯನ್ನು ರಿಕ್ಷಾಕ್ಕೆ ತರಲು ಎತ್ತಿಕೊಂಡ. ಅಲ್ಲೇ ಇರಲಿ, ನಾಳೆ ಬೇಕು ಎಂದೆ. ಅದನ್ನು ನನ್ನ ಜಾಗದಲ್ಲಿ ನೆಟ್ಟಗೆ ಇಟ್ಟು ಬಂದ.